ಗಾಜಿನ ಮೇಲೆ ಕೈಗವುಸು

ಮುಹು ದ್ವೀಪದ ಗ್ರಂಥಾಲಯದಲ್ಲಿ ಫೆಬ್ರವರಿ.
ಜಲಸಂಧಿ ಹೆಪ್ಪುಗಟ್ಟಿ ಹಡಗು ನಿಂತಿದೆ.
ತಾಲಿನ್ನಿಂದ ಬರಬೇಕಾದ ರಿಪೇರಿಯವನು
ಫೋನಿನಲ್ಲಿ ಎರಡು ಸಲ ಕೆಮ್ಮಿ
'ಲಿನಕ್ಸಾ?' ಎಂದು ಕೇಳಿ
ಮೂರನೆಯ ಸಲ ಎತ್ತಲೇ ಇಲ್ಲ.

ಹೆಲ್ವಿ ಕುರ್ಚಿ ಎಳೆದು ಕೂತಳು.
ಶಾಲೆಯವರು ಬೇಡವೆಂದ ಕಂಪ್ಯೂಟರು,
ಹರಾಜಿನಲ್ಲಿ ಸಿಕ್ಕ ಯಂತ್ರ:
ಮುದ್ರಣ, ನಕಲು, ಫ್ಯಾಕ್ಸು, ಸ್ಕ್ಯಾನು,
ಒಂದೇ ಮೈಗೆ ನಾಲ್ಕು ಕಸುಬು.
ಮುದ್ರಿಸೆಂದರೆ ಗೊಣಗದೆ ಮುದ್ರಿಸುತ್ತದೆ;
ನಿನ್ನೆ ತಾನೆ, ತಪ್ಪಿಸಿಕೊಂಡ ಕುರಿಯ ಪ್ರಕಟಣೆ, ಹದಿನೆಂಟು ಪ್ರತಿ.
ನೋಡೆಂದರೆ ಮಾತ್ರ
ಬಾಯಿದ್ದೂ ಕಣ್ಣಿಲ್ಲ.

ಕಾದು ಕೂತವಳು ಆಲ್ವಿನೆ, ಎಂಬತ್ತೊಂದು.
ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯೊಳಗೆ ಚೌಕುಳಿ ಹಾಳೆಗಳು:
ಅತ್ತೆಯ ಅತ್ತೆ ಬಿಡಿಸಿಟ್ಟ ಕೈಗವುಸಿನ ಹೆಣಿಗೆ,
ಒಂದು ಚೌಕಕ್ಕೆ ಒಂದು ಕುಣಿಕೆ,
ಗುಲಾಬಿ ಪೆನ್ಸಿಲು, ಕಿತ್ತಳೆ ಪೆನ್ಸಿಲು.
ಒಂದು ಮೂಲೆ ಇಲಿಯ ಪಾಲು.
ಅದು ಹೆಬ್ಬೆರಳಿನ ಮೂಲೆ.

ಕರಿ ಪರದೆ. ಮಿಣುಕುವ ಗೀಟು.
ಯಾರ್ಯಾರಿದ್ದೀರಿ, ಹೆಲ್ವಿ ಟೈಪಿಸಿದಳು.
ಹಾಜರಿ ಬಂತು:
ಮೌಸು ಇದೆ, ಕೀಲಿಮಣೆ ಇದೆ,
ಬಸ್ಸು ಎರಡು, ಸಾಧನ ಐದು,
ಯಂತ್ರದ್ದೇ ಹೆಸರು, ಕಂಪನಿ ಸಮೇತ.
ಹಾಗಾದರೆ ಸ್ಕ್ಯಾನರು?
ಯಾವ ಸ್ಕ್ಯಾನರೂ ಸಿಗಲಿಲ್ಲ.
ಇದೆಯೆಂದು ನಿಮಗೆ ಅನಿಸುತ್ತಿದ್ದರೆ
ದಯವಿಟ್ಟು ಪ್ಲಗ್ಗು ನೋಡಿ.

ಅನಿಸುತ್ತಿದ್ದರೆ!
ಮೊಣಕೈಗೆ ತಾಗಿಕೊಂಡು ಕೂತಿದೆ,
ಹನ್ನೊಂದು ಕಿಲೋ ಅನಿಸಿಕೆ.

ಡ್ರೈವರು ಇಳಿಸಿದಳು. ಇಳಿದದ್ದೇ
ತಪ್ಪು ಕಪಾಟಿನಲ್ಲಿ ಹೋಗಿ ಕೂತಿತು.
ಇದೇನು ಅವಳಿಗೆ ಹೊಸದಲ್ಲ,
ಅಡುಗೆ ಪುಸ್ತಕ ಭೂಗೋಳದ ಸಾಲಿಗೆ ಸೇರಿದರೆ
ಅದು ಊರಲ್ಲೇ ಇಲ್ಲವೆಂದು ಲೆಕ್ಕ.
ಎತ್ತಿ ಸರಿಯಾದ ಕಡೆ ಇಟ್ಟಳು.
ಇನ್ನೆಲ್ಲೋ ಒಂದು ಸಾಲಿನ ಮೂತಿಗೆ ಕಟ್ಟಿದ್ದ
ಜಾಲರಿ ಗುರುತು ಬಿಚ್ಚಿದಳು.
ಮೂರು ಗಂಟೆಗೇ ಕತ್ತಲಾಯಿತು.
ಆಲ್ವಿನೆ ಎದ್ದು ಒಲೆಗೆ ಸೌದೆ ಒಟ್ಟಿದಳು, ಯಾರೂ ಹೇಳದೆ.

ಸುಡೋ ಎಂದಳು ಹೆಲ್ವಿ. ಸುಡುವುದಕ್ಕಲ್ಲ,
ಯಜಮಾನಿಕೆಯ ಮಾತದು.
ಗಾಜಿನಡಿಯಲ್ಲಿ ಬಿಳಿ ದೀಪ
ಗಡಗಡ ಅರ್ಧ ದೂರ ಓಡಿ, ನಾಚಿ, ಹಿಂದೆ ಸರಿಯಿತು.
ಆ ಮಾತು ಬಿಟ್ಟು ಕೇಳಿದರೆ ಮತ್ತೆ ಕುರುಡು.
ದೇವರು ಕೊಟ್ಟರೂ ಪೂಜಾರಿ ಕೊಡ.
ಪೂಜಾರಿಯ ಪಟ್ಟಿಯಲ್ಲಿ ಹೆಲ್ವಿಯ ಹೆಸರಿಲ್ಲ, ಅಷ್ಟೆ.
ಸೇರಿಸಿದಳು.
ಆದರೂ ಇಲ್ಲ.

ಬಹಳ ಹೊತ್ತು ತಿಂದದ್ದು ಇದೇ.
ಹೆಸರು ಬರೆಸಿದರೆ ಸಾಲದು,
ಎದ್ದು ಹೊರಗೆ ಹೋಗಬೇಕು,
ಬಾಗಿಲು ಹಾಕಿಕೊಳ್ಳಬೇಕು,
ಮತ್ತೆ ತಟ್ಟಿ, ಇಂಥವಳು ಎಂದು ಹೇಳಿ
ಒಳಗೆ ಬರಬೇಕು.

'ನನಗೂ ಹಾಗೇ ಆಯಿತು' ಎಂದಳು ಆಲ್ವಿನೆ
ಒಲೆಯ ಕಡೆ ನೋಡುತ್ತಲೇ.
'ಮದುವೆಯಾಗಿ ಬಂದ ವರ್ಷವೆಲ್ಲ
ಅತ್ತೆಗೆ ನಾನು "ಆ ಹುಡುಗಿ".
ಒಮ್ಮೆ ತವರಿಗೆ ಹೋಗಿ ಬಂದೆ ನೋಡು,
ಹೊಸ್ತಿಲಲ್ಲೇ ಹೆಸರು ಹಿಡಿದು ಕರೆದರು.
ಡಬ್ಬಿ ಕೊಟ್ಟದ್ದೂ ಅವತ್ತೇ.'

ಹೆಲ್ವಿ ಹೊರಗೆ ಹೋದಳು, ಒಳಗೆ ಬಂದಳು.
ದೀಪ ಈ ತುದಿಯಿಂದ ಆ ತುದಿಗೆ
ಒಂದೇ ಉಸಿರಿಗೆ ನಡೆಯಿತು.
ಮೊದಲ ಚಿತ್ರ: ಗಾಜಿನ ಮೇಲಿದ್ದ ಬಿಸ್ಕತ್ತಿನ ಪುಡಿ,
ಒಂದು ಕೂದಲು.
ಇಬ್ಬರೂ ಅದನ್ನೇ ಬಹಳ ಹೊತ್ತು ನೋಡಿದರು.

ಆಮೇಲೆ ಹಾಳೆಗಳು, ಇಪ್ಪತ್ತಾರು.
ಇಲಿ ತಿಂದ ಜಾಗ ಬಂದಾಗ ಆಲ್ವಿನೆ
ಕೋಟಿನ ಜೇಬಿನಿಂದ ಬಲಗೈ ಗವುಸು ತೆಗೆದು
(ಎಡಗೈಯದು ಯಾವ ಚಳಿಗಾಲವೋ ಮಂಜಿನ ಮೇಲೆ ಬಿದ್ದುಹೋಗಿತ್ತು)
ಹೆಬ್ಬೆರಳು ಚಪ್ಪಟೆಯಾಗುವಂತೆ ಇಟ್ಟು
ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದಳು,
ಕರುವನ್ನು ಹಿಡಿದ ಹಾಗೆ.
ಪರದೆಯಲ್ಲಿ ಒಂದೊಂದೇ ಕುಣಿಕೆ ಬಂತು,
ತೇಪೆ ಹಾಕಿದ ನೀಲಿ ದಾರವೂ ಬಂತು.
ಎಣಿಸಿಕೊಂಡಳು, ಬೆರಳು ಮಡಚುತ್ತ:
ಏಳು ಗುಲಾಬಿ, ಎರಡು ಕಿತ್ತಳೆ.

ಅವಳು ಹೋದ ಮೇಲೆ,
ಬೀಗ ಹಾಕುವ ಮುನ್ನ,
ಸುಮ್ಮನೆ, ನಂಬಿಕೆಯಾಗಲೆಂದು
ಹೆಲ್ವಿ ಇನ್ನೊಂದು ಸಲ ಒತ್ತಿದಳು.
ಮರೆತುಹೋದ ಕೈಗವುಸು
ಪರದೆಯ ಮೇಲೆ,
ಐದೂ ಬೆರಳು ಬಿಡಿಸಿ.